ಓದುಗರ ಪ್ರಶ್ನೆ: ಎರರ್ ಸಂಭಾಳಿಸುವ ಒಂದೇ ಕೋಡ್ ಏಳು ಕಡೆ ಇದ್ದರೆ ಏನು ಮಾಡೋದು?

ಈ ಸಲ ಕೊಡಗಿನಿಂದ ಬಂದ ಪತ್ರಗಳೇ ಜಾಸ್ತಿ. ಕುಶಾಲನಗರದ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಉದ್ದ ಆಗಿಬಿಟ್ಟಿದೆ, ಅದಕ್ಕೇ ಉಳಿದ ಕೆಲವರಿಗೆ ಚುಟುಕಾಗಿ ಹೇಳಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಲಿನಕ್ಸ್ ಮೇಲೆ ಸಿ ಭಾಷೆಯಲ್ಲಿ ಒಂದು ಚಿಕ್ಕ ಫೈಲ್ ಸಿಸ್ಟಮ್ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಪ್ರೋಗ್ರಾಮ್) ಬರೆಯುತ್ತಿದ್ದೇವೆ. ಹೊಸ ಫೈಲ್ ಸೃಷ್ಟಿಸುವ ಫಂಕ್ಷನ್‌ನಲ್ಲಿ ಏಳು ಕಡೆ ಎರರ್ ಬರಬಹುದು. ಏಳೂ ಕಡೆ ಬಫರ್ (ಡಿಸ್ಕ್‌ನಿಂದ ಮೆಮೊರಿಗೆ ತಂದ ತುಣುಕು) ಬಿಡು, ಬಿಟ್ ವಾಪಸ್ ಮಾಡು, ಲಾಕ್ (ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಅನ್ನೋ ಬೀಗ) ತೆಗೆ, ರಿಟರ್ನ್ ಆಗು ಅಂತ ಅದೇ ನಾಲ್ಕೈದು ಸಾಲು ಕಾಪಿ ಪೇಸ್ಟ್ ಆಗಿದೆ. ಒಂದೇ ಕಡೆ ತರೋಣ ಅಂದರೆ ಗೋಟೂ (goto, ಹೇಳಿದ ಸಾಲಿಗೆ ಸೀದಾ ಹಾರುವ ಆಜ್ಞೆ) ಬಳಸಬೇಕು. ಗೋಟೂ ಕಂಡರೆ ಮಾರ್ಕ್ಸ್ ಕಟ್ ಅಂತ ನಮ್ಮ ಸರ್ ಹೇಳಿದ್ದಾರೆ. ಏನು ಮಾಡಲಿ?
— ವಿದ್ಯಾರ್ಥಿ, ಕುಶಾಲನಗರ

ಉತ್ತರ: ಗೋಟೂ ವಿಷಯ ಮೊದಲು ಮುಗಿಸಿಬಿಡೋಣ. ಗೋಟೂ ಕೆಟ್ಟದ್ದು ಅನ್ನೋ ಮಾತಿಗೆ ಹೆಸರು ಬಂದದ್ದು 1968ರಲ್ಲಿ, ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಬರೆದ ಒಂದು ಪತ್ರದಿಂದ. ಆಗ ಜನ ಲೂಪ್‌ಗೂ ಗೋಟೂ, ಇಫ್‌ಗೂ ಗೋಟೂ ಹಾಕಿ, ಪ್ರೋಗ್ರಾಮ್ ಎಲ್ಲಿಂದ ಎಲ್ಲಿಗೆ ಹಾರುತ್ತದೆ ಅಂತಲೇ ಗೊತ್ತಾಗದ ಹಾಗೆ ಬರೆಯುತ್ತಿದ್ದರು. ನಿಮ್ಮದು ಆ ಥರ ಅಲ್ಲ. ಫಂಕ್ಷನ್‌ನ ಕೊನೆಗೆ ಒಂದೇ ದಿಕ್ಕಿನಲ್ಲಿ, ಕೆಳಕ್ಕೆ ಮಾತ್ರ ಹಾರುವ ಗೋಟೂವನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಕೋಡಿಂಗ್ ಸ್ಟೈಲ್ ದಾಖಲೆಯೇ ಒಪ್ಪುತ್ತದೆ. ಅದಕ್ಕೆಂದೇ ಅದರಲ್ಲಿ 7ನೇ ವಿಭಾಗ ಇದೆ. ಗೋಟೂ ಹಾರಿ ಇಳಿಯುವ ಜಾಗದ ಲೇಬಲ್‌ಗಳಿಗೆ ಎರರ್1, ಎರರ್2 ಅಂತ ನಂಬರ್ ಕೊಡಬೇಡಿ, ಅಲ್ಲಿ ಏನು ಕೆಲಸ ಆಗುತ್ತದೋ ಅದನ್ನೇ ಹೆಸರಾಗಿ ಇಡಿ ಅಂತಲೂ ಅದು ಹೇಳುತ್ತದೆ. ಆ ಪುಟ ಪ್ರಿಂಟ್ ತೆಗೆದು ನಿಮ್ಮ ಸರ್‌ಗೆ ತೋರಿಸಿ. ಒಪ್ಪದಿದ್ದರೆ ವಾದ ಮಾಡಬೇಡಿ, ಮಾರ್ಕ್ಸ್ ಅವರ ಕೈಯಲ್ಲಿದೆ.

ಈಗ ನಿಜವಾದ ತಲೆನೋವಿಗೆ ಬರೋಣ. ಏಳು ಕಾಪಿ ಇವೆ ಅಂತ ನೀವು ಹೇಳುತ್ತೀರಿ. ಏಳೂ ಅಕ್ಷರ ಬಿಡದೆ ಒಂದೇ ಥರ ಇವೆಯಾ? ಏಳನ್ನೂ ಒಂದರ ಕೆಳಗೊಂದು ಅಂಟಿಸಿ, ಸಾಲು ಸಾಲು ಹೋಲಿಸಿ ನೋಡಿ. ನನ್ನ ಅಂದಾಜು, ನಾಲ್ಕನೆಯದರಲ್ಲಿ ಒಂದು ಸಾಲು ಇರುವುದಿಲ್ಲ, ಆರನೆಯದರಲ್ಲಿ ಎರಡು ಸಾಲು ಹಿಂದೆ ಮುಂದೆ ಆಗಿರುತ್ತವೆ. ಒಂದಾಗಿಸುವ ಮುಂಚೆ ಆ ಪ್ರತಿ ವ್ಯತ್ಯಾಸಕ್ಕೂ ಉತ್ತರ ಬೇಕು: ಇದು ಮರೆತು ಬಿಟ್ಟದ್ದಾ, ಬೇಕಂತಲೇ ಬಿಟ್ಟದ್ದಾ? ಈ ಪ್ರಶ್ನೆ ಕೇಳದೆ ಎಲ್ಲವನ್ನೂ ಒಂದು ಲೇಬಲ್ ಕೆಳಗೆ ತುರುಕಿದರೆ ಕೋಡ್ ನೋಡೋಕೆ ಚೆಂದ ಆಗುತ್ತದೆ, ಡಿಸ್ಕ್ ಮಾತ್ರ ಹಾಳಾಗುತ್ತದೆ.

ಬೇಕಂತಲೇ ಬಿಟ್ಟಿರುವುದಕ್ಕೆ ಒಂದು ಉದಾಹರಣೆ. ಐನೋಡ್ (ಒಂದು ಫೈಲ್‌ನ ವಿವರ ಇಡುವ ದಾಖಲೆ) ಸಂಖ್ಯೆ ಹಿಡಿದು, ಯಾವ ಸಂಖ್ಯೆ ಬಳಕೆಯಲ್ಲಿದೆ ಅಂತ ಗುರುತಿಡುವ ಬಿಟ್‌ಮ್ಯಾಪ್‌ನಲ್ಲಿ ಬಿಟ್ ಹಾಕಿದಿರಿ, ಆಮೇಲೆ ಐನೋಡ್ ಪಡೆಯಲು ಹೋದರೆ ಮೆಮೊರಿ ಸಿಗಲಿಲ್ಲ. ಆಗ ಬಿಟ್ ಅನ್ನು ನೀವೇ ವಾಪಸ್ ಮಾಡಬೇಕು. ಅದೇ ಐನೋಡ್ ಸಿಕ್ಕಿ, ಸಂಖ್ಯೆಯನ್ನೂ ಅದಕ್ಕೆ ಕೊಟ್ಟು, ಡೈರೆಕ್ಟರಿಯಲ್ಲಿ ಹೆಸರು ಸೇರಿಸುವಾಗ ಎರರ್ ಬಂತು ಅನ್ನಿ. ಈಗ ಲಿಂಕ್ ಎಣಿಕೆ (ಆ ಐನೋಡ್‌ಗೆ ಎಷ್ಟು ಹೆಸರು ಇವೆ ಅನ್ನೋ ಲೆಕ್ಕ) ಸೊನ್ನೆ ಮಾಡಿ, ಐನೋಡ್ ಬಿಟ್ಟುಕೊಡುವ ಐಪುಟ್ ಕರೆದರೆ, ಕೊನೆಯ ರೆಫರೆನ್ಸ್ ಹೋದ ತಕ್ಷಣ ಕರ್ನೆಲ್, ಐನೋಡ್ ಅನ್ನು ಮೆಮೊರಿಯಿಂದ ತೆಗೆಯುವ ನಿಮ್ಮದೇ ಎವಿಕ್ಟ್ ಫಂಕ್ಷನ್‌ಗೆ ಬರುತ್ತದೆ. ಲಿನಕ್ಸ್‌ನ ಹಳೆಯ ಫೈಲ್ ಸಿಸ್ಟಮ್ ಎಕ್ಸ್ಟ್2 (ext2) ಮಾದರಿಯಲ್ಲಿ ಬರೆದಿದ್ದರೆ ಬಿಟ್ ತೆಗೆಯುವ ಕೆಲಸ ಅಲ್ಲೇ ಆಗುತ್ತದೆ. ಇದರ ಮೇಲೆ ನೀವೂ ಒಂದು ಸಲ ತೆಗೆದರೆ? ನಡುವೆ ಇನ್ನೊಂದು ಪ್ರೊಸೆಸ್ ಅದೇ ಸಂಖ್ಯೆ ಹಿಡಿದಿದ್ದರೆ ಅದರ ಬಿಟ್ ಹೋಯಿತು, ಇನ್ನು ಮುಂದೆ ಎರಡು ಫೈಲ್‌ಗೆ ಒಂದೇ ಐನೋಡ್. ಯಾರೂ ಹಿಡಿಯದಿದ್ದರೆ ನಿಮ್ಮ ಅದೃಷ್ಟ. ಎಕ್ಸ್ಟ್2 ಕೋಡ್‌ನಲ್ಲಿ ಬಿಟ್ ಆಗಲೇ ತೆಗೆದಾಗಿದೆಯಾ ಅಂತ ನೋಡಿ ದೂರು ಕೊಡುವ ಸಾಲು ಇರುವುದು ಸುಮ್ನೆ ಅಲ್ಲ.

ಲಾಕ್ ಕಥೆಯೂ ಇಷ್ಟೇ. ಎವಿಕ್ಟ್ ಒಳಗೆ ನಿಮ್ಮ ಬಿಟ್‌ಮ್ಯಾಪ್ ಲಾಕ್ ಬೇಕು, ನೀವು ಅದನ್ನು ಹಿಡಿದುಕೊಂಡೇ ಐಪುಟ್ ಕರೆದಿರಿ. ಪ್ರೋಗ್ರಾಮ್ ತನ್ನನ್ನೇ ಕಾಯುತ್ತಾ ನಿಂತುಬಿಡುತ್ತದೆ. ಹಾಗಾಗಿ ಒಂದು ಕಾಪಿಯಲ್ಲಿ ಲಾಕ್ ಮೊದಲು ತೆಗೆದು ಆಮೇಲೆ ಐಪುಟ್ ಇದ್ದರೆ, ಅದು ನಿಮ್ಮ ತಂಡದಲ್ಲಿ ಯಾರೋ ಒಬ್ಬರು ರಾತ್ರಿ ಕೂತು ಕಂಡುಹಿಡಿದ ಪರಿಹಾರ ಇರಬಹುದು. ಗಿಟ್ ಹಿಸ್ಟರಿ (ಕೋಡ್ ಬದಲಾವಣೆಗಳ ದಾಖಲೆ) ತೆಗೆದು ಆ ಸಾಲು ಯಾವಾಗ, ಯಾಕೆ ಬಂತು ನೋಡಿ.

ನಕಲಿನ ಹಾಗೆ ಕಂಡರೂ ನಕಲಲ್ಲದ್ದು ಎಂಥದ್ದು ಅಂತ ನೋಡಬೇಕಾ? ಎಕ್ಸ್ಟ್2ರಲ್ಲಿ ಹೊಸ ಡೈರೆಕ್ಟರಿ ಮಾಡುವ ಫಂಕ್ಷನ್ ತೆಗೆಯಿರಿ. ಎರರ್ ಲೇಬಲ್ ಕೆಳಗೆ, ಹೊಸ ಐನೋಡ್‌ನ ಲಿಂಕ್ ಎಣಿಕೆ ಕಡಿಮೆ ಮಾಡುವ ಸಾಲು ಎರಡು ಸಲ ಇದೆ, ಒಂದರ ಕೆಳಗೊಂದು, ಅಕ್ಷರಶಃ ಒಂದೇ. ಹೊಸಬರು ನೋಡಿದರೆ ಕೈ ತಪ್ಪಿ ಎರಡು ಸಲ ಪೇಸ್ಟ್ ಆಗಿದೆ ಅಂತಲೇ ಅಂದುಕೊಳ್ಳಬೇಕು. ಆದರೆ ಡೈರೆಕ್ಟರಿಗೆ ಎರಡು ಲಿಂಕ್. ಅಪ್ಪ ಡೈರೆಕ್ಟರಿಯಲ್ಲಿರುವ ಹೆಸರು ಒಂದು, ತನ್ನೊಳಗೆ ತನ್ನನ್ನೇ ಸೂಚಿಸುವ ಚುಕ್ಕಿ (.) ಇನ್ನೊಂದು. ಎರಡನ್ನೂ ಇಳಿಸಿದರೆ ಮಾತ್ರ ಎಣಿಕೆ ಸೊನ್ನೆ ಆಗಿ ಐನೋಡ್ ಬಿಡುಗಡೆ ಆಗುತ್ತದೆ. ಒಂದು ಸಾಲು ಅಳಿಸಿದರೆ ಯಾವ ಹೆಸರೂ ಇಲ್ಲದ ಐನೋಡ್ ಡಿಸ್ಕ್ ಮೇಲೆ ಉಳಿದುಬಿಡುತ್ತದೆ. ಅದರ ಕೆಳಗಿನ ಲೇಬಲ್‌ನಲ್ಲಿ ಅಪ್ಪ ಡೈರೆಕ್ಟರಿಯ ಎಣಿಕೆ ಒಂದು ಇಳಿಯುತ್ತದೆ, ಅಪ್ಪನನ್ನು ಸೂಚಿಸುವ ಎರಡು ಚುಕ್ಕಿಯ (..) ಲೆಕ್ಕ ಅದು.

ವ್ಯತ್ಯಾಸಗಳ ಲೆಕ್ಕ ಸಿಕ್ಕಿತು ಅನ್ನಿ. ಆಗಲೂ ಸೀದಾ ಗೋಟೂಗೆ ಹೋಗಬೇಡಿ. ಏಳು ಕಡೆ ಎರರ್ ಬರುತ್ತಿದೆ ಅಂದರೆ ಆ ಫಂಕ್ಷನ್ ಎರಡು ಮೂರು ಕೆಲಸ ಒಟ್ಟಿಗೆ ಮಾಡುತ್ತಿದೆ ಅಂತ ಅರ್ಥ. ಸಂಖ್ಯೆ ಹಿಡಿಯುವ ಕೆಲಸವನ್ನು ಬೇರೆ ಫಂಕ್ಷನ್ ಮಾಡಿ. ಲಾಕ್ ಮತ್ತು ಬಫರ್ ಎರಡೂ ಅದರೊಳಗೇ ಹುಟ್ಟಿ ಅಲ್ಲೇ ಸಾಯುತ್ತವೆ. ಹೀಗೆ (ಇಐಓ ಅಂದರೆ ಓದಲು ಆಗಲಿಲ್ಲ, ಇನೋಸ್ಪೇಸ್ ಅಂದರೆ ಜಾಗ ಇಲ್ಲ, ಡರ್ಟಿ ಅಂದರೆ ಡಿಸ್ಕ್‌ಗೆ ಇನ್ನೂ ಬರೆಯಬೇಕಾದದ್ದು):

    ಎರರ್ = 0
    ಲಾಕ್ ಹಾಕು
    ಬಿಟ್‌ಮ್ಯಾಪ್ ಬಫರ್ ಓದು
    ಬರದಿದ್ದರೆ: ಎರರ್ = ಇಐಓ; ಗೋಟೂ ಲಾಕ್_ತೆಗೆ
    ಖಾಲಿ ಬಿಟ್ ಹುಡುಕು
    ಇಲ್ಲದಿದ್ದರೆ: ಎರರ್ = ಇನೋಸ್ಪೇಸ್; ಗೋಟೂ ಬಫರ್_ಬಿಡು
    ಬಿಟ್ ಹಾಕು, ಬಫರ್ ಡರ್ಟಿ ಅಂತ ಗುರುತು ಮಾಡು
  ಬಫರ್_ಬಿಡು:
    ಬಫರ್ ಬಿಡು
  ಲಾಕ್_ತೆಗೆ:
    ಲಾಕ್ ತೆಗೆ
    ಎರರ್ ರಿಟರ್ನ್ ಮಾಡು

ಕೆಲಸ ಸರಿಯಾಗಿ ಆದರೂ ಇದೇ ದಾರಿಯಲ್ಲಿ ಹೊರಗೆ ಬರುತ್ತೀರಿ, ಕೆಟ್ಟರೂ ಇದೇ ದಾರಿ. ಬಿಡುವ ಕ್ರಮ ಹಿಡಿದ ಕ್ರಮಕ್ಕೆ ಉಲ್ಟಾ. ತೋಟದ ಗೇಟು, ಗೋಡೌನ್ ಬಾಗಿಲು, ಒಳಗಿನ ಬೀರು ಅಂತ ತೆಗೆದುಕೊಂಡು ಹೋದವರು ಬೀರುವಿನಿಂದ ಶುರು ಮಾಡಿ ಹಾಕಿಕೊಂಡು ಬರುವ ಹಾಗೆ. ಎರರ್ ಸಂಖ್ಯೆಗಳ ಮುಂದೆ ಮೈನಸ್ ಹಾಕುವುದು ಮರೆಯಬೇಡಿ, ಇಲ್ಲಿ ಓದಲು ಸುಲಭ ಆಗಲಿ ಅಂತ ಬಿಟ್ಟಿದ್ದೇನೆ. ಈಗ ಫೈಲ್ ಸೃಷ್ಟಿಸುವ ಮುಖ್ಯ ಫಂಕ್ಷನ್‌ನಲ್ಲಿ ಲಾಕೂ ಇಲ್ಲ, ಬಫರೂ ಇಲ್ಲ, ಹಾಗಾಗಿ ಐಪುಟ್ ತಕರಾರೂ ಇಲ್ಲ. ಅಲ್ಲಿ ಉಳಿಯುವುದು ಎರಡೋ ಮೂರೋ ಎರರ್ ದಾರಿ ಅಷ್ಟೇ.

ಇಲ್ಲೊಂದು ಹೊಂಡ ಇದೆ, ತುಂಬಾ ಜನ ಬೀಳುತ್ತಾರೆ. ಹಳೆಯ ಕೋಡ್‌ನಲ್ಲಿ ಪ್ರತಿ ಕಾಪಿಯ ಕೊನೆಗೆ ಮೆಮೊರಿ ಇಲ್ಲ, ಜಾಗ ಇಲ್ಲ ಅಂತ ಅದರದ್ದೇ ಸಂಖ್ಯೆ ರಿಟರ್ನ್ ಆಗುತ್ತಿತ್ತು. ಹೊಸದರಲ್ಲಿ ಹಾರುವ ಮುಂಚೆ ಎರರ್‌ಗೆ ಬೆಲೆ ಕೊಡಬೇಕು. ಒಂದು ಕಡೆ ಮರೆತಿರಿ ಅಂದರೆ, ಹಿಂದಿನ ಹೆಜ್ಜೆ ಸರಿಯಾಗಿ ಆದಾಗ ಬಂದ ಸೊನ್ನೆ ಅದರಲ್ಲೇ ಇರುತ್ತದೆ. ಎಲ್ಲವನ್ನೂ ನೀಟಾಗಿ ಬಿಟ್ಟು, ಕೊನೆಗೆ ಎಲ್ಲ ಸರಿ ಇದೆ ಅಂತ ಸುಳ್ಳು ಹೇಳಿ ಬರುತ್ತದೆ ನಿಮ್ಮ ಫಂಕ್ಷನ್! 2014ರ ಫೆಬ್ರವರಿಯಲ್ಲಿ ಆ್ಯಪಲ್‌ನ ಎಸ್‌ಎಸ್‌ಎಲ್ (ಇಂಟರ್ನೆಟ್ ಸಂಪರ್ಕ ಸುರಕ್ಷಿತವಾಗಿಡುವ) ಕೋಡ್‌ನಲ್ಲಿ ಬಯಲಾದದ್ದು ಇದಕ್ಕೆ ಹತ್ತಿರದ ತಪ್ಪೇ. ಗೋಟೂ ಫೇಲ್ ಅನ್ನೋ ಸಾಲು ಎರಡು ಸಲ ಇತ್ತು, ಎರಡನೆಯದು ಯಾವ ಇಫ್‌ಗೂ ಸೇರಿರಲಿಲ್ಲ, ಎರರ್ ಸೊನ್ನೆ ಇದ್ದಾಗಲೇ ಕೊನೆಗೆ ಹಾರುತ್ತಿತ್ತು. ಸಹಿ ಪರೀಕ್ಷೆ ನಡೆಯದೆಯೇ ಪಾಸ್. ಸ್ಮ್ಯಾಚ್ ಅನ್ನೋ ಉಚಿತ ಟೂಲ್ ಇದೆ, ಎರರ್ ಬೆಲೆ ಕೊಡದೆ ಹಾರಿದ್ದೀರಿ ಅನ್ನಿಸಿದರೆ ಎಚ್ಚರಿಸುತ್ತದೆ. ಓಡಿಸಿ ನೋಡಿ.

ಇನ್ನೊಂದು ಸಣ್ಣ ವಿಷಯ. ಬಫರ್ ಬಿಡುವ ಬಿರೆಲ್ಸ್, ಐಪುಟ್, ಮೆಮೊರಿ ಬಿಡುವ ಕೆಫ್ರೀ ಮೂರಕ್ಕೂ ನಲ್ (ಯಾವ ಮೆಮೊರಿ ವಿಳಾಸವನ್ನೂ ತೋರಿಸದ ಖಾಲಿ ಪಾಯಿಂಟರ್) ಕೊಟ್ಟರೆ ಸುಮ್ಮನೆ ವಾಪಸ್ ಬರುತ್ತವೆ. ಆದರೆ ಕರ್ನೆಲ್‌ನ ಕೆಲವು ಫಂಕ್ಷನ್‌ಗಳು ಸೋತಾಗ ನಲ್ ಕೊಡುತ್ತವೆ, ಇನ್ನು ಕೆಲವು ಪಾಯಿಂಟರ್ ಒಳಗೇ ಎರರ್ ಸಂಖ್ಯೆ ಬಚ್ಚಿಟ್ಟು ಕೊಡುತ್ತವೆ. ಆ ಎರಡನೇ ಥರದ್ದನ್ನು ಬಿರೆಲ್ಸ್‌ಗೋ ಐಪುಟ್‌ಗೋ ಕೊಟ್ಟರೆ ಕರ್ನೆಲ್ ಬೀಳುತ್ತದೆ. ಯಾವ ಫಂಕ್ಷನ್ ಯಾವ ಥರ ಅಂತ ಹಾಳೆಯಲ್ಲಿ ಬರೆದುಕೊಂಡು ಕೂತುಕೊಳ್ಳಿ.

ಕೊನೆಯದಾಗಿ, ಹೋಲಿಸುವಾಗ ಸಿಕ್ಕ ಬಗ್‌ಗಳನ್ನು ಮೊದಲು ಒಂದೊಂದಾಗಿ ಸರಿ ಮಾಡಿ ಕಮಿಟ್ ಮಾಡಿ. ಕೋಡ್ ಜೋಡಿಸುವ ಕಮಿಟ್ ಬೇರೆ ಇರಲಿ, ಅದರಲ್ಲಿ ಪ್ರೋಗ್ರಾಮ್‌ನ ನಡವಳಿಕೆ ಒಂದು ಚೂರೂ ಬದಲಾಗಬಾರದು. ಎರಡನ್ನೂ ಬೆರೆಸಿದರೆ ಮುಂದೆ ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಹುಡುಕೋಕೆ ಗಿಟ್ ಬೈಸೆಕ್ಟ್ ಕೂಡ ಸಹಾಯ ಮಾಡಲ್ಲ.

ಪ್ರಶ್ನೆ: ಗೋಟೂ ಕಣ್ಣಿಗೆ ಕಾಣದ ಹಾಗೆ ಒಂದು ಮ್ಯಾಕ್ರೋ (ಕೋಡ್‌ನ ತುಣುಕಿಗೆ ಇಟ್ಟ ಅಡ್ಡಹೆಸರು) ಮಾಡಿ, ಷರತ್ತು ಸುಳ್ಳಾದರೆ ಅದೇ ಎರರ್ ಲೇಬಲ್‌ಗೆ ಹಾರುವ ಹಾಗೆ ಬರೆದರೆ ಹೇಗೆ? ಸಾಲುಗಳು ಅರ್ಧ ಆಗುತ್ತವೆ.
— ಓದುಗ, ಸೋಮವಾರಪೇಟೆ

ಉತ್ತರ: ಬೇಡ. ಓದುವವನಿಗೆ ಅದು ಸಾಮಾನ್ಯ ಫಂಕ್ಷನ್ ಕರೆದ ಹಾಗೆ ಕಾಣುತ್ತದೆ, ಒಳಗೆ ನೋಡಿದರೆ ಹಾರಿ ಹೋಗಿರುತ್ತದೆ. ಲಾಕ್ ಹಿಡಿದ ಜಾಗದಲ್ಲಿ ಇಂಥ ಮ್ಯಾಕ್ರೋ ಇದ್ದರೆ ಗಮನಕ್ಕೇ ಬರಲ್ಲ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್‌ನವರು ನೀವು ಹೇಳಿದಂಥ ಮ್ಯಾಕ್ರೋಗಳನ್ನೇ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಷರತ್ತು ಸರಿ ಇಲ್ಲದಿದ್ದರೆ ಒಂದು ಗೋಟೂ ಮಾಡುತ್ತಿತ್ತು, ಇನ್ನೊಂದು ರಿಟರ್ನ್ ಮಾಡುತ್ತಿತ್ತು. 2019ರಲ್ಲಿ ಎರಡನ್ನೂ ಕಿತ್ತು ಹಾಕಿದರು. ಅದರ ಬದಲು ಡಿಸ್ಕ್ ಮೇಲಿನ ಮಾಹಿತಿ ಕೆಟ್ಟಿದೆಯಾ ಅಂತ ಹೌದು ಇಲ್ಲ ಮಾತ್ರ ಹೇಳುವ ಮ್ಯಾಕ್ರೋ ತಂದರು, ಹಾರುವ ಸಾಲನ್ನು ಕರೆದವರೇ ಬರೆಯಬೇಕು. ಸಾಲು ಜಾಸ್ತಿ ಆಯಿತು, ಆದರೆ ಈಗ ಕಣ್ಣಿಗೆ ಕಾಣುತ್ತದೆ. ನಿಮಗೆ ಇಷ್ಟು ಸಾಕು ಅಂದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕ, ನಾನು ಕಾಫಿ ತೋಟಗಳ ಲೆಕ್ಕ ಬರೆಯುವ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಫೈಲ್ ಓಪನ್, ರೈಟ್, ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಮುಟ್ಟಿಸುವ ಕರೆ) ಎಲ್ಲದಕ್ಕೂ ಎರರ್ ಬಂದರೆ ಮೂರು ಸಲ ಮತ್ತೆ ಪ್ರಯತ್ನಿಸುವ ಲೂಪ್ ಹಾಕಿದ್ದೇನೆ. ಅದೇ ಲೂಪ್ ಇಪ್ಪತ್ತು ಕಡೆ ಇದೆ. ಎಲ್ಲಕ್ಕೂ ಸೇರಿಸಿ ಒಂದೇ ಫಂಕ್ಷನ್ ಮಾಡಬಹುದಾ?
— ಓದುಗ, ನಾಪೋಕ್ಲು

ಉತ್ತರ: ಎಫ್‌ಸಿಂಕ್ ಅನ್ನು ಅದರಿಂದ ಹೊರಗಿಡಿ ತಮ್ಮಾ, ಇವತ್ತೇ. ರೈಟ್ ಕರೆಯ ನಡುವೆ ಸಿಗ್ನಲ್ (ಪ್ರೋಗ್ರಾಮ್ ಅನ್ನು ಮಧ್ಯೆ ತಡೆಯುವ ಸೂಚನೆ) ಬಂದು ಇಇಂಟರ್‌ ಅನ್ನುವ ಎರರ್ ಬಂದರೆ ಮತ್ತೆ ಕರೆಯುವುದು ಸರಿ. ಅರ್ಧ ಬರೆದು ವಾಪಸ್ ಬಂದರೆ ಉಳಿದರ್ಧ ಬರೆಯುವುದೂ ಸರಿ. ಎಫ್‌ಸಿಂಕ್ ಹಾಗಲ್ಲ. ಡಿಸ್ಕ್‌ಗೆ ಬರೆಯಲು ಆಗದೆ ಅದು ಒಂದು ಸಲ ಎರರ್ ಹೇಳಿತು ಅಂದರೆ, ಲಿನಕ್ಸ್‌ನಲ್ಲಿ ಆ ದತ್ತಾಂಶ ಇರುವ ಪುಟಗಳು (ಮೆಮೊರಿಯ ತುಣುಕುಗಳು) ಕ್ಲೀನ್, ಅಂದರೆ ಬರೆದಾಯಿತು ಅಂತ ಗುರುತಾಗಿ ಹೋಗಿರಬಹುದು. ಎರಡನೇ ಸಲ ಕರೆದಾಗ ಬರೆಯಲು ಏನೂ ಬಾಕಿ ಇಲ್ಲ ಅಂದುಕೊಂಡು ಸೊನ್ನೆ ಕೊಡುತ್ತದೆ. ನಿಮ್ಮ ಲೂಪ್‌ಗೆ ಖುಷಿ, ದತ್ತಾಂಶ ಮಾತ್ರ ಡಿಸ್ಕ್‌ನಲ್ಲಿ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೇ ಇದು 2018ರಲ್ಲಿ ದೊಡ್ಡ ತಲೆಬಿಸಿ ಆಗಿತ್ತು. 2019ರ ಫೆಬ್ರವರಿಯ ಬಿಡುಗಡೆಗಳಿಂದ ಎಫ್‌ಸಿಂಕ್ ಸೋತರೆ ಮತ್ತೆ ಪ್ರಯತ್ನ ಇಲ್ಲ, ಡೇಟಾಬೇಸ್ ತಾನೇ ಬಿದ್ದು, ಬದಲಾವಣೆಗಳನ್ನು ಬರೆದಿಟ್ಟ ಲಾಗ್‌ನಿಂದ ಮತ್ತೆ ಎದ್ದು ಬರುವ ಹಾಗೆ ಮಾಡಿದರು.

ನಿಮ್ಮ ಹತ್ತಿರ ಅಂಥ ಲಾಗ್ ಇರಲ್ಲ ಅಲ್ವಾ. ಹಾಗಾಗಿ ಹೊಸ ಫೈಲ್‌ಗೆ ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ, ಸರಿ ಅಂದರೆ ಮಾತ್ರ ಹಳೆಯ ಹೆಸರಿಗೆ ರೀನೇಮ್ ಮಾಡಿ. ಎರರ್ ಬಂದರೆ ಹೊಸ ಫೈಲ್ ಎಸೆದು, ಸ್ಕ್ರೀನ್ ಮೇಲೆ ದಪ್ಪ ಅಕ್ಷರದಲ್ಲಿ ಸೇವ್ ಆಗಿಲ್ಲ ಅಂತ ಹೇಳಿ. ಡಿಸ್ಕ್ ತುಂಬಿದೆ ಅನ್ನುವ 28, ಡಿಸ್ಕೇ ಕೆಟ್ಟಿದೆ ಅನ್ನುವ 5, ಎರಡಕ್ಕೂ ಬೇರೆ ಬೇರೆ ಸಂದೇಶ ಕೊಡಿ. ಮೊದಲನೆಯದಕ್ಕೆ ತೋಟದ ರೈಟರ್ (ಗುಮಾಸ್ತ) ಹಳೆಯ ಫೋಟೋ ಅಳಿಸಿದರೆ ಸಾಕು, ಎರಡನೆಯದಕ್ಕೆ ನಿಮಗೆ ಫೋನ್ ಮಾಡಬೇಕು.

ಪ್ರಶ್ನೆ: ಎರರ್ ದಾರಿಗಳನ್ನೆಲ್ಲ ಚೆನ್ನಾಗಿ ಜೋಡಿಸಿದೆವು. ಆದರೆ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಎರರೇ ಬರಲ್ಲ, ಪರೀಕ್ಷೆ ಮಾಡೋದು ಹೇಗೆ?
— ಇಬ್ಬರು ಗೆಳತಿಯರು, ವಿರಾಜಪೇಟೆ

ಉತ್ತರ: ಒಳ್ಳೆ ಪ್ರಶ್ನೆ. ಎರರ್ ಬರಲಿ ಅಂತ ಕಾಯಬೇಡಿ, ನೀವೇ ತನ್ನಿ. ಜಾಗ ಇಲ್ಲ ಅನ್ನೋದು ಎಲ್ಲಕ್ಕಿಂತ ಸುಲಭ. ಕೆಲವೇ ಎಂಬಿಯ ಇಮೇಜ್ ಫೈಲ್ ಮಾಡಿ, ಲೂಪ್ ಡಿವೈಸ್ (ಫೈಲನ್ನೇ ಡಿಸ್ಕ್ ಹಾಗೆ ತೋರಿಸುವ ಸೌಲಭ್ಯ) ಮೇಲೆ ಮೌಂಟ್ ಮಾಡಿ (ಸಿಸ್ಟಮ್‌ಗೆ ಜೋಡಿಸಿ), ತುಂಬುವ ತನಕ ಬರೆಯಿರಿ. ಡಿಸ್ಕ್ ಕೆಟ್ಟ ಹಾಗೆ ನಟಿಸಲು ಲಿನಕ್ಸ್‌ನ ಡಿವೈಸ್ ಮ್ಯಾಪರ್‌ನಲ್ಲಿ ಫ್ಲೇಕಿ ಅಂತ ಒಂದು ಟಾರ್ಗೆಟ್ ಇದೆ. ಇಷ್ಟು ಸೆಕೆಂಡ್ ಸರಿ ಇರು, ಇಷ್ಟು ಸೆಕೆಂಡ್ ಎರರ್ ಕೊಡು ಅಂತ ಹೇಳಬಹುದು.

ನನಗೆ ತುಂಬಾ ಇಷ್ಟವಾದದ್ದು ಎನ್‌ನೇ ಸಲ ಸೋಲಿಸುವ ಪರೀಕ್ಷೆ. ಬೇಕಂತಲೇ ಎರರ್ ತರುವ ಕರ್ನೆಲ್‌ನ ಫಾಲ್ಟ್ ಇಂಜೆಕ್ಷನ್‌ನಲ್ಲಿ ಈ ಸೌಲಭ್ಯ ಇದೆ. ನೀವು ಫ್ಯೂಸ್ (FUSE, ಕರ್ನೆಲ್ ಹೊರಗೇ ಫೈಲ್ ಸಿಸ್ಟಮ್ ಬರೆಯುವ ಸೌಲಭ್ಯ) ಮೇಲೆ ಬರೆಯುತ್ತಿದ್ದರೆ ಮೆಮೊರಿ ಕೇಳುವ ಫಂಕ್ಷನ್‌ಗೆ ನಿಮ್ಮದೇ ಒಂದು ಹೊದಿಕೆ ಹಾಕಿ ಒಳಗೆ ಕೌಂಟರ್ ಇಟ್ಟರೂ ಸಾಕು. ಮೊದಲ ಓಟದಲ್ಲಿ ಮೊದಲನೇ ಬೇಡಿಕೆ ಸೋಲಲಿ, ಮುಂದಿನ ಓಟದಲ್ಲಿ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಒಂದೂ ಸೋಲದೆ ಕೆಲಸ ಮುಗಿಯುವ ತನಕ ಓಡಿಸಿ. ಆ ಮೆಮೊರಿ ಬೇಡಿಕೆಗಳ ಒಂದೊಂದು ಎರರ್ ದಾರಿಯೂ ಒಂದೊಂದು ಸಲ ಓಡಿಯೇ ಓಡುತ್ತದೆ. ಪ್ರತಿ ಓಟ ಆದ ಮೇಲೆ ಅನ್‌ಮೌಂಟ್ ಮಾಡಿ, ಲಾಗ್ ನೋಡಿ. ಯಾವುದಾದರೂ ಐನೋಡ್ ಬಿಡದೆ ಉಳಿದಿದ್ದರೆ ಕರ್ನೆಲ್ ಬೈಯುತ್ತದೆ. ಹಳೆಯ ಕರ್ನೆಲ್‌ಗಳಲ್ಲಂತೂ ಐದು ಸೆಕೆಂಡ್‌ನಲ್ಲಿ ಸ್ವಯಂ ನಾಶ, ನಿಮ್ಮ ದಿನ ಶುಭವಾಗಿರಲಿ ಅನ್ನೋ ಅರ್ಥದ ಸಂದೇಶ ಬರುತ್ತಿತ್ತು. ತಮಾಷೆಗೆ ಬರೆದದ್ದು, ಹೆದರಬೇಡಿ.

ಇದನ್ನೆಲ್ಲ ವರ್ಚುವಲ್ ಮಷೀನ್ ಒಳಗೆ ಮಾಡಿ. ಪ್ರಾಜೆಕ್ಟ್ ರಿಪೋರ್ಟ್ ಇರುವ ಲ್ಯಾಪ್‌ಟಾಪ್ ಮೇಲೆ ನೇರವಾಗಿ ಮಾಡಿ, ಆಮೇಲೆ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ನಮ್ಮದು ಹೋಮ್‌ಸ್ಟೇ. ಆಫೀಸಿನಲ್ಲಿ ಉಬುಂಟು ಕಂಪ್ಯೂಟರ್ ಇದೆ. ಜೂನ್ ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುತ್ತದೆ. ಒಂದೊಂದು ಸಲ ಕಂಪ್ಯೂಟರ್ ಆನ್ ಇದ್ದಾಗಲೇ ಏನೂ ಸೇವ್ ಆಗಲ್ಲ, ಡಿಸ್ಕ್ ರೀಡ್ ಓನ್ಲಿ ಅಂತ ಬರುತ್ತದೆ. ಇದು ವೈರಸ್ಸಾ?
— ಓದುಗರು, ಮಡಿಕೇರಿ

ಉತ್ತರ: ವೈರಸ್ ಅಲ್ಲ. ಮೇಲೆ ಹೇಳಿದಂಥ, ಎರರ್ ಸಂಭಾಳಿಸುವ ಕೋಡ್ ತನ್ನ ಕೆಲಸ ಮಾಡುತ್ತಿದೆ. ಉಬುಂಟುವಿನ ಎಕ್ಸ್ಟ್4 ಫೈಲ್ ಸಿಸ್ಟಮ್‌ನಲ್ಲಿ ಡಿಸ್ಕ್ ಮೇಲಿನ ಮಾಹಿತಿ ಎಲ್ಲೇ ತಪ್ಪಾಗಿ ಕಂಡರೂ, ಆ ಸುದ್ದಿ ಕೊನೆಗೆ ಒಂದೇ ಕಡೆ ಹೋಗಿ ಸೇರುತ್ತದೆ. ಮುಂದೇನು ಅನ್ನುವುದಕ್ಕೆ ಮೂರು ಆಯ್ಕೆ ಇವೆ: ಮುಂದುವರಿ, ಓದಲು ಮಾತ್ರ ಬಿಡು, ಇಡೀ ಸಿಸ್ಟಮ್ ನಿಲ್ಲಿಸು. ಉಬುಂಟುವಿನ ಹಳೆಯ ಇನ್‌ಸ್ಟಾಲರ್ ಮುಖ್ಯ ಡಿಸ್ಕ್‌ಗೆ ಎರಡನೆಯದನ್ನು ಬರೆದಿಡುತ್ತಿತ್ತು, ನಿಮ್ಮದರಲ್ಲೂ ಅದೇ ಇರಬೇಕು. ಕೆಟ್ಟದ್ದು ಇನ್ನೂ ಕೆಡದಿರಲಿ ಅಂತ ಬರೆಯುವುದನ್ನೇ ನಿಲ್ಲಿಸುತ್ತದೆ.

ಕರೆಂಟ್ ಹೋದದ್ದಕ್ಕಷ್ಟೇ ಸಾಮಾನ್ಯವಾಗಿ ಹೀಗಾಗಲ್ಲ. ಮುಂದಿನ ಸಲ ಆನ್ ಮಾಡಿದಾಗ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ನೋಡಿ ಸರಿ ಮಾಡಿಕೊಳ್ಳುತ್ತದೆ. ಕಂಪ್ಯೂಟರ್ ಆನ್ ಇದ್ದಾಗಲೇ ಹೀಗಾಗುತ್ತಿದೆ ಅಂದರೆ ಡಿಸ್ಕ್, ಅದರ ಕೇಬಲ್ ಅಥವಾ ಪವರ್ ಸಪ್ಲೈ ಮೇಲೆ ನನಗೆ ಅನುಮಾನ. ಬಲವಂತವಾಗಿ ಮತ್ತೆ ಬರೆಯುವ ಹಾಗೆ ಮೌಂಟ್ ಮಾಡಬೇಡಿ. ಓದಲು ಬರುತ್ತಿರುವಾಗಲೇ ಬುಕಿಂಗ್ ಲೆಕ್ಕ ಎಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಪೆನ್ ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿ, ಮೌಂಟ್ ಮಾಡದೆ ಫೈಲ್ ಸಿಸ್ಟಮ್ ಚೆಕ್ ಓಡಿಸಿ. ಯುಪಿಎಸ್ ಬ್ಯಾಟರಿಗೆ ವಯಸ್ಸಾಗಿದ್ದರೆ ಮಳೆ ಹಿಡಿಯುವ ಮುಂಚೆಯೇ ಬದಲಿಸಿ.

ಪ್ರಶ್ನೆ: ರಸ್ಟ್ ಭಾಷೆಯಲ್ಲಿ ಬರೆದರೆ ಈ ಗೋಟೂ ಗೋಳೇ ಇರಲ್ಲ ಅಲ್ವಾ?
— ಓದುಗ, ಸುಂಟಿಕೊಪ್ಪ

ಉತ್ತರ: ಬಿಡುವ ಕೆಲಸ ತಾನಾಗಿ ಆಗುತ್ತದೆ, ಅದು ನಿಜ. ಯಾವ ಎರರ್ ಬಂದರೆ ಬಿಟ್ ವಾಪಸ್ ಮಾಡಬೇಕು, ಯಾವುದಕ್ಕೆ ಮಾಡಬಾರದು ಅನ್ನುವುದನ್ನು ಮಾತ್ರ ರಸ್ಟ್ ಹೇಳಿಕೊಡಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ 6.1 ಕರ್ನೆಲ್‌ನಿಂದ ರಸ್ಟ್‌ಗೆ ಜಾಗ ಸಿಕ್ಕಿದೆ. ಸಿ ಭಾಷೆಯಲ್ಲೇ ಇರುವವರಿಗೆ 2023ರ 6.5ರಿಂದ ಬ್ಲಾಕ್ ಮುಗಿದಾಗ ತಾನೇ ಲಾಕ್ ತೆಗೆಯುವ, ಮೆಮೊರಿ ಬಿಡುವ ಕ್ಲೀನಪ್ ಸಹಾಯಕಗಳೂ ಇವೆ. ಬಳಸುವುದಾದರೆ ಒಂದು ಫಂಕ್ಷನ್‌ನಲ್ಲಿ ಪೂರ್ತಿ ಅವನ್ನೇ ಬಳಸಿ. ಅದೇ ಫಂಕ್ಷನ್‌ನಲ್ಲಿ ಗೋಟೂ ಜೊತೆ ಬೆರೆಸಬೇಡಿ ಅಂತ ಕರ್ನೆಲ್‌ನವರೇ ಬರೆದಿಟ್ಟಿದ್ದಾರೆ.